ಮಕ್ಕಳು ಆಡಿದರೆ ಸಾಕು, ನೀರು!

ವಿಜಯಪುರ ಜಿಲ್ಲೆಯ ಒಂದು ಹಳ್ಳಿಯ ಹೈಸ್ಕೂಲು. ಅಲ್ಲಿ 1996ರಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿದವರ ವಾಟ್ಸಾಪ್ ಗುಂಪಿಗೆ ‘ಹಳೇ ಹುಲಿಗಳು’ ಅಂತ ಹೆಸರು. ಹೆಸರಿಟ್ಟವರು ಗಂಡಸರು. ಹುಲಿಗಳಿಗೆಲ್ಲಾ ಈಗ ಬಿಪಿ ಮಾತ್ರೆ ನಡೆದಿದೆ, ಅದು ಬೇರೆ ಮಾತು. ನಾವು ಹೆಣ್ಣುಮಕ್ಕಳು ಏಳೆಂಟು ಮಂದಿ ಇದ್ದೇವೆ. ಜಾಸ್ತಿ ಮಾತಾಡುವುದಿಲ್ಲ, ಎಲ್ಲಾ ಓದುತ್ತೇವೆ. ಇಲ್ಲಿ ಯಾರ ನಿಜವಾದ ಹೆಸರೂ ಹಾಕಿಲ್ಲ. ಗುಂಪಿನಲ್ಲೂ ಅಡ್ಡಹೆಸರೇ ನಡೆಯುವುದು.

ಭಾನುವಾರ ಬೆಳಗ್ಗೆ ಶುರು ಮಾಡಿದವನು ‘ಮನೂಕ’. ತಿಕೋಟಾ ಕಡೆ ಒಣದ್ರಾಕ್ಷಿ ವ್ಯಾಪಾರ, ಸ್ವಂತ ತೋಟವೂ ಇದೆ. ಬೇಸಿಗೆ ಬಂತೆಂದರೆ ಟ್ಯಾಂಕರ್ ನೀರು ಕೊಂಡು ಬಳ್ಳಿ ಉಳಿಸಿಕೊಳ್ಳುವವನು. ಹಾಗಾಗಿ ನೀರಿನ ವಿಡಿಯೋ ಯಾವುದು ಬಂದರೂ ಅವನ ಕೈಯಲ್ಲಿ ನಿಲ್ಲುವುದಿಲ್ಲ, ನೇರ ಗುಂಪಿಗೆ. ಅವತ್ತಿನದು ಇದು: ಬಣ್ಣಬಣ್ಣದ ಆಟದ ಚಕ್ರದ ಮೇಲೆ ಕೂತು ಮಕ್ಕಳು ಗಿರಗಿರ ತಿರುಗುತ್ತಾರೆ, ಪಕ್ಕದಲ್ಲಿ ಎತ್ತರದ ಟ್ಯಾಂಕು, ಕೆಳಗೆ ನಳ, ನಗುತ್ತಾ ಬಕೆಟ್ ಹಿಡಿದ ಹೆಂಗಸು. ಕೆಳಗಿನ ಬರಹ ಹೀಗಿತ್ತು:

“ಆಫ್ರಿಕಾದ ಅದ್ಭುತ!! ಮಕ್ಕಳು ಆಡಿದರೆ ಸಾಕು, ಊರಿಗೆಲ್ಲಾ ನೀರು. ಕರೆಂಟ್ ಬೇಡ, ಡೀಸೆಲ್ ಬೇಡ. ನಮ್ಮವರಿಗೆ ಇಂಥ ಬುದ್ಧಿ ಯಾವಾಗ ಬರುತ್ತೆ? ನಿಜವಾದ ಭಾರತೀಯರು ಶೇರ್ ಮಾಡಿ.”

ಆಫ್ರಿಕಾದ ಪಂಪಿಗೂ ನಿಜವಾದ ಭಾರತೀಯರಿಗೂ ಏನು ಸಂಬಂಧ ಅಂತ ಯಾರೂ ಕೇಳಲಿಲ್ಲ. ಮೂರು ನಿಮಿಷದ ವಿಡಿಯೋಗೆ ಒಂದೇ ನಿಮಿಷದಲ್ಲಿ ನಾಲ್ಕು ಹೆಬ್ಬೆರಳು ಬಿದ್ದವು. ಹಿಂದೆಯೇ ಅಡ್ಮಿನ್ ಬಂದ.

ಅಡ್ಮಿನ್: ಸೂಪರ್. ನಮ್ಮ ಶಾಲೆಗೂ ಇಂಥದ್ದೊಂದು ಹಾಕಿಸೋಣ. ತಲೆಗೆ ಎರಡು ಸಾವಿರ. ಯಾರ್‍ಯಾರು ರೆಡಿ?

ಆಧಾರ್ ಕಾರ್ಡ್: ಇದರ ಮೂಲ ಎಲ್ಲಿಯದು? ಯಾವ ವರ್ಷದ ವಿಡಿಯೋ?

ಇವನು ಬೆಂಗಳೂರಿನಲ್ಲಿ ಇಂಜಿನಿಯರ್. ಏನೇ ಕಳಿಸಿದರೂ ‘ಆಧಾರ ಏನು’ ಅಂತ ಕೇಳುತ್ತಾನೆ, ಅದಕ್ಕೇ ಈ ಹೆಸರು.

ಮನೂಕ: ಕಣ್ಣಿಗೆ ಕಾಣ್ತಾ ಇಲ್ಲವಾ? ನೀರು ಬರ್ತಾ ಇದೆ.

ಆಧಾರ್ ಕಾರ್ಡ್: ಬರ್ತಾ ಇದೆ. ಎಷ್ಟು ಬರ್ತಾ ಇದೆ?

ಮನೂಕ: ಬಕೆಟ್ ತುಂಬುವಷ್ಟು.

ಮುಂದೆ ಹತ್ತು ನಿಮಿಷ ‘ಟೈಪ್ ಮಾಡುತ್ತಿದ್ದಾರೆ’ ಎಂದು ಕಾಣಿಸಿತು. ಬಂದ ಮೆಸೇಜು ಎಷ್ಟು ಉದ್ದ ಎಂದರೆ ಅರ್ಧಕ್ಕೇ ‘ಇನ್ನಷ್ಟು ಓದಿ’ ಅಂತ ಕಡಿದಿತ್ತು. ಅದನ್ನು ಒತ್ತಿ ಪೂರ್ತಿ ಓದಿದವಳು ನಾನೊಬ್ಬಳೇ ಇರಬೇಕು.

ಅವನು ಹೇಳಿದ್ದು ಇಷ್ಟು. ಇದರ ಹೆಸರು ಪ್ಲೇಪಂಪ್. ದಕ್ಷಿಣ ಆಫ್ರಿಕಾದ್ದು. 2000ದಲ್ಲಿ ವಿಶ್ವಬ್ಯಾಂಕಿನ ಬಹುಮಾನ ಬಂತು. 2006ರಲ್ಲಿ ಅಮೆರಿಕದಲ್ಲಿ ದೊಡ್ಡ ಸಭೆ ಸೇರಿ 1 ಕೋಟಿ 64 ಲಕ್ಷ ಡಾಲರ್ ನೆರವು ಘೋಷಿಸಿದರು. 2010ರೊಳಗೆ 4,000 ಪಂಪು ಹಾಕುವ ಗುರಿ. ಒಂದು ಪಂಪಿನಿಂದ 2,500 ಜನರಿಗೆ ನೀರು ಅಂತ ಭರವಸೆ.

“ಈಗ ಲೆಕ್ಕ ನೋಡಿ. ಚಕ್ರ ಒಂದೇ ಸಮನೆ ತಿರುಗಿದರೆ ಗಂಟೆಗೆ 1,400 ಲೀಟರ್ ಅಂತ ಅವರೇ ಹೇಳಿದ್ದು. ತಲೆಗೆ ದಿನಕ್ಕೆ ಬರೀ 15 ಲೀಟರ್ ಹಿಡಿಯಿರಿ. 2,500 ಜನಕ್ಕೆ 37,500 ಲೀಟರ್. 1,400ರಿಂದ ಭಾಗಿಸಿ. ಸುಮಾರು 27 ಗಂಟೆ. ದಿನಕ್ಕೆ 24 ಗಂಟೆ ಇರೋದು. ಮಕ್ಕಳು ಊಟ ನಿದ್ದೆ ಶಾಲೆ ಬಿಟ್ಟು ದಿನವಿಡೀ ಆಡಿದರೂ ಮೂರು ಗಂಟೆ ಸಾಲ ಉಳಿಯುತ್ತೆ. ಈ ಲೆಕ್ಕ ನನ್ನದಲ್ಲ, 2009ರಲ್ಲಿ ಬ್ರಿಟನ್ನಿನ ಗಾರ್ಡಿಯನ್ ಪತ್ರಿಕೆಯಲ್ಲಿ ಬಂದದ್ದು.”

ಇನ್ನೂ ಇತ್ತು. ಒಂದು ಪ್ಲೇಪಂಪಿನ ದುಡ್ಡಿನಲ್ಲಿ ಸಾಧಾರಣ ಕೈಪಂಪು ನಾಲ್ಕು ಹಾಕಬಹುದಿತ್ತಂತೆ. ಮಕ್ಕಳು ಶಾಲೆಗೆ ಹೋದ ಮೇಲೆ ಆ ಚಕ್ರವನ್ನು ಬಗ್ಗಿ ಬಗ್ಗಿ ಕೈಯಿಂದ ತಳ್ಳಬೇಕಾದವರು ಹೆಂಗಸರೇ. ರಿಪೇರಿ ಖರ್ಚಿಗೆ ಅಂತ ಟ್ಯಾಂಕಿನ ಸುತ್ತ ಜಾಹೀರಾತು ಬೋರ್ಡು ಇಟ್ಟಿದ್ದರು. ಆ ಹಳ್ಳಿಗಳಲ್ಲಿ ಜಾಹೀರಾತು ಹಾಕುವವರು ಯಾರು? ಬೋರ್ಡು ಖಾಲಿ ಉಳಿಯಿತು, ರಿಪೇರಿಯೂ ನಿಂತಿತು. 2010ರ ಹೊತ್ತಿಗೆ ಈ ಪಂಪು ಹಾಕಿಸುತ್ತಿದ್ದ ಸಂಸ್ಥೆ ಉಳಿದ ಪಂಪುಗಳನ್ನು ಬೇರೆಯವರಿಗೆ ಒಪ್ಪಿಸಿ ಕೈತೊಳೆದುಕೊಂಡಿತು.

ಬೋರ್ಡಿನ ಮಾತು ಓದುವಾಗ ನನಗೆ ನಮ್ಮ ಶಾಲೆಯ ಕಲ್ಲು ನೆನಪಾಯಿತು. ಅದಕ್ಕೆ ಆಮೇಲೆ ಬರುತ್ತೇನೆ, ಗುಂಪೂ ಆಮೇಲೆ ಅಲ್ಲಿಗೇ ಬಂತು. ಸದ್ಯಕ್ಕೆ ಮನೂಕನ ಉತ್ತರ ನೋಡಿ.

ಮನೂಕ: ಅಂದರೆ ಮಕ್ಕಳು ಆಡಬಾರದು ಅಂತೀಯಾ?

ಅಡ್ಮಿನ್: ಬೆಂಗಳೂರಿನಲ್ಲಿ ಕೂತವರಿಗೆ ಹಳ್ಳಿಗೆ ಏನಾದರೂ ಒಳ್ಳೆಯದಾದರೆ ತಡೆಯೋದಿಲ್ಲ.

ಆಧಾರ್ ಕಾರ್ಡ್: ನೀನು ಎಲ್ಲಿ ಕೂತಿದ್ದೀಯಪಾ? ಹುಬ್ಬಳ್ಳಿಯಲ್ಲಿ.

ಹೊತ್ತಿಗೆ ಸರಿಯಾಗಿ ಸರ್ ಬಂದರು. ನಮಗೆ ಗಣಿತ, ವಿಜ್ಞಾನ ಎರಡೂ ಕಲಿಸಿದವರು. ಈಗ ನಿವೃತ್ತರು. ಬೆಳಗ್ಗೆ ಗೋಲಗುಮ್ಮಟದ ಫೋಟೋ ಜೊತೆ ಶುಭೋದಯ ಕಳಿಸದೆ ಅವರ ದಿನ ಶುರುವಾಗುವುದಿಲ್ಲ.

ಸರ್: ಆತ್ಮೀಯ ಶಿಷ್ಯರೇ, ಟೀಕೆ ಸುಲಭ, ಕಾಯಕ ಕಷ್ಟ. ಇಂದಿನ ಮಕ್ಕಳು ಮೊಬೈಲ್ ಬಿಟ್ಟು ಮೈದಾನಕ್ಕೆ ಬರುತ್ತಿಲ್ಲ. ಈ ಯಂತ್ರದಿಂದ ವ್ಯಾಯಾಮವೂ ಆಗುತ್ತದೆ, ನೀರೂ ಬರುತ್ತದೆ. 1972ರ ಬರದಲ್ಲಿ ನಾವು ಕಾಮಗಾರಿಗೆ ಹೋಗಿ ಕಲ್ಲು ಒಡೆದು ಓದಿದವರು. ಆಗ ಯಾರೂ ಮೂಲ ಕೇಳಲಿಲ್ಲ. ನಮ್ಮ ವಿಜಯಪುರದಲ್ಲೇ 1651ರಲ್ಲಿ ಮಹಮ್ಮದ್ ಆದಿಲ್‌ಶಾಹ ಬೇಗಂ ತಲಾಬ್ ಕೆರೆ ಕಟ್ಟಿಸಿ, ಮಣ್ಣಿನ ಕೊಳವೆಯಲ್ಲಿ ಊರಿಗೆ ನೀರು ತಂದ. ಯಾವ ಕರೆಂಟಿತ್ತು?

ಹತ್ತು ಜನ ಕೈ ಮುಗಿದರು. ಮುಗಿದವರಲ್ಲಿ ಅರ್ಧ ಮಂದಿ ಸರ್ ಬರೆದದ್ದನ್ನೂ ಓದಿರಲಿಕ್ಕಿಲ್ಲ. ಸರ್ ಮೆಸೇಜಿಗೆ ಕೈ ಮುಗಿಯುವುದು ಅಭ್ಯಾಸ.

ಆಧಾರ್ ಕಾರ್ಡ್ ಮಾತ್ರ ಬಿಡಲಿಲ್ಲ. “ಸರ್, ಅದೇ ಕೊಳವೆಯ ದಾರಿಯಲ್ಲಿ ಗಂಜ್ ಅಂತ ಕಲ್ಲಿನ ಗೋಪುರ ಕಟ್ಟಿದ್ದಾರಲ್ಲ, ಅದು ನೀರಿನ ಒತ್ತಡ ಇಳಿಸಲಿಕ್ಕೆ, ಕೊಳವೆ ಒಡೆಯದಿರಲಿ ಅಂತ. ಹೊಲಸು ಅದರ ಬುಡದಲ್ಲಿ ಕೂರುತ್ತಿತ್ತು, ತಿಳಿ ನೀರು ಮುಂದೆ ಹೋಗುತ್ತಿತ್ತು. ಕಟ್ಟುವಾಗಲೇ ಕೆಟ್ಟರೆ ಏನು ಮಾಡಬೇಕು ಅಂತ ಯೋಚಿಸಿದ್ದರು. ನಾನು ಹೇಳ್ತಿರೋದೂ ಅದನ್ನೇ.”

ಸರ್: ನೀನು ಒಂಬತ್ತನೇ ತರಗತಿಯಿಂದಲೂ ಹೀಗೇ.

ಅಷ್ಟಕ್ಕೆ ಆ ವಿಷಯ ಮುಗಿಯಿತು.

ನನಗನ್ನಿಸಿದ್ದು ಹೇಳಿಬಿಡುತ್ತೇನೆ. ಅವನ ಮಾತು ಸರಿಯಿತ್ತು, ಮಾತಾಡಿದ ರೀತಿ ಸರಿಯಿರಲಿಲ್ಲ. ‘ಮೂಲ ಎಲ್ಲಿಯದು’ ಅಂತ ಕೇಳಿದರೆ ಎದುರಿಗಿದ್ದವನಿಗೆ ‘ನೀನು ದಡ್ಡ’ ಅಂತಲೇ ಕೇಳಿಸುತ್ತದೆ. ಮನೂಕನಿಗೆ ಬೇಕಿದ್ದದ್ದು ವಿಶ್ವಬ್ಯಾಂಕಿನ ವರ್ಷವಲ್ಲ. ಅವನ ಬೋರು ಬತ್ತಿದೆ. ಯಾರಾದರೂ ‘ಎಷ್ಟು ಟ್ಯಾಂಕರ್ ಹಾಕಿಸಿದಿ’ ಅಂತ ಕೇಳಿದ್ದರೆ ವಿಡಿಯೋ ಅಲ್ಲಿಗೇ ಬಿಟ್ಟುಬಿಡುತ್ತಿದ್ದ.

ಆಗ ಲಾಸ್ಟ್ ಬೆಂಚ್ ಎದ್ದ. ಇವನು ಸೋಲಾಪುರದಲ್ಲಿ ಚಾದರದ ಅಂಗಡಿ ಇಟ್ಟಿದ್ದಾನೆ, ಭಾನುವಾರ ಹನ್ನೊಂದಕ್ಕೆ ಏಳುತ್ತಾನೆ.

ಲಾಸ್ಟ್ ಬೆಂಚ್: ಲೇ, ನಮ್ಮ ಶಾಲೆ ಬೋರಿಂಗ್ ನೆನಪಿದೆಯಾ?

ಆಮೇಲೆ ಒಂದು ಗಂಟೆ ಬೋರಿಂಗೇ, ಅಂದರೆ ಶಾಲೆಯ ಕೈಪಂಪು. ಒಬ್ಬ ಹೊಡೆಯಬೇಕು, ಇನ್ನೊಬ್ಬ ಬೊಗಸೆ ಒಡ್ಡಬೇಕು. ಹೊಡೆಯುವವನು ಬೇಕಂತಲೇ ಜೋರು ಮಾಡಿ ಅಂಗಿ ತೋಯಿಸುತ್ತಿದ್ದ. ಹಿಡಿಕೆ ಮಧ್ಯಾಹ್ನದ ಬಿಸಿಲಿಗೆ ಮುಟ್ಟಲಿಕ್ಕಾಗದಷ್ಟು ಕಾಯುತ್ತಿತ್ತು, ಲಂಗದ ಅಂಚು ಸುತ್ತಿ ಹಿಡಿಯುತ್ತಿದ್ದೆವು. ಮೊದಲ ಹತ್ತು ಹೊಡೆತ ಬರೀ ಒಳಗಿನ ಸರಪಳಿಯ ಸದ್ದು, ಆಮೇಲೆ ಕೆಂಪು ನೀರು, ಆಮೇಲೆ ತಣ್ಣನೆ ತಿಳಿ ನೀರು, ಬಾಯಲ್ಲಿ ಕಬ್ಬಿಣದ ರುಚಿ. ಶೇಂಗಾ ಹಿಂಡಿ ಹಚ್ಚಿದ ಕಟಕ್ ರೊಟ್ಟಿ ತಿಂದು ಓಡಿ ಬಂದರೆ ಅಲ್ಲಿ ಪಾಳಿ. ಇಲ್ಲಿ ನಾವು ಹೆಣ್ಣುಮಕ್ಕಳೂ ಬಾಯಿ ಬಿಟ್ಟೆವು. ಗಂಡು ಹುಡುಗರು ಮೊದಲು, ನಾವು ಆಮೇಲೆ ಅಂತ ಯಾರು ಮಾಡಿದ್ದರು ಸರ್? ಸರ್ ಆ ಪ್ರಶ್ನೆಗೆ ಉತ್ತರ ಕೊಡಲಿಲ್ಲ. ನೀಲಿ ಗೆರೆ ಮಾತ್ರ ಬಿತ್ತು.

ಆಧಾರ್ ಕಾರ್ಡ್ ಈ ಸಲ ಸ್ವಲ್ಪ ಮೆತ್ತಗಾಗಿದ್ದ.

“ಆ ಬೋರಿಂಗಿನ ಹೆಸರು ಇಂಡಿಯಾ ಮಾರ್ಕ್ 2. ಅದಕ್ಕಿಂತ ಮುಂಚೆ ಹಳ್ಳಿಗಳಲ್ಲಿ ಹಾಕುತ್ತಿದ್ದದ್ದು ಬೀಡು ಕಬ್ಬಿಣದ ಪಂಪು, ಹೊರದೇಶದಲ್ಲಿ ಒಂದು ಮನೆಗೆ ಅಂತ ಮಾಡಿದ್ದರ ನಕಲು. ಇಡೀ ಊರು ಹೊಡೆದರೆ ಮುರಿಯದೆ ಏನಾಗುತ್ತೆ? ತಡೆದುಕೊಂಡು ನಿಂತದ್ದು ಸೋಲಾಪುರ ಪಂಪ್ ಒಂದೇ. ಅದನ್ನು ಮಾಡಿದವನು ತಾನೇ ಕಲಿತ ಒಬ್ಬ ಮೆಕ್ಯಾನಿಕ್. ಅದನ್ನೇ ಮಾದರಿ ಇಟ್ಟುಕೊಂಡು 1970ರ ದಶಕದಲ್ಲಿ ಯುನಿಸೆಫ್ ಮತ್ತು ನಮ್ಮವರು ಸೇರಿ ಮಾರ್ಕ್ 2 ಮಾಡಿದರು. ಆಮೇಲೆ ಮಾರ್ಕ್ 3 ಬಂತು. ಅದರಲ್ಲಿ ಪೈಪು ಪೂರ್ತಿ ಎತ್ತದೇ ವಾಷರ್ ಬದಲಿಸಬಹುದು, ಊರಿನವರೇ ಮಾಡಿಕೊಳ್ಳಲಿ ಅಂತ. ವಾಷರ್ ಕೂಡ ಚರ್ಮದ್ದು ಹೋಗಿ ರಬ್ಬರಿಂದು ಬಂತು. ಆಫ್ರಿಕಾದ ಎಷ್ಟೋ ಹಳ್ಳಿಗಳಲ್ಲಿ ಇವತ್ತಿಗೂ ಹೊಡೆಯೋದು ನಮ್ಮ ಮಾರ್ಕ್ 2.”

ಇಷ್ಟು ಒಳ್ಳೆಯ ಮಾತಿನಿಂದ ಗುಂಪು ಹಿಡಿದುಕೊಂಡದ್ದು ಒಂದೇ ಶಬ್ದ.

ಲಾಸ್ಟ್ ಬೆಂಚ್: ನಮ್ಮ ಸೋಲಾಪುರ ಅಂದರೆ ಸುಮ್ನೆನಾ!

ಮನೂಕ: ನೀನು ಯಾವಾಗ ಸೋಲಾಪುರದವನಾದೆ? ನಿನ್ನ ರೇಷನ್ ಕಾರ್ಡ್ ಇನ್ನೂ ಸಿಂದಗಿಯಲ್ಲಿದೆ.

ಲಾಸ್ಟ್ ಬೆಂಚ್: ಕಾರ್ಡ್ ಎಲ್ಲಾದರೂ ಇರಲಿ. ಕಲ್ಲಿನಲ್ಲಂತೂ ನನ್ನ ಹೆಸರಿಲ್ಲ.

ಬಂತು ನೋಡಿ ಕಲ್ಲು. ಕೆಲವು ವರ್ಷದ ಹಿಂದೆ ನಾವೆಲ್ಲಾ ದುಡ್ಡು ಕೂಡಿಸಿ ಶಾಲೆಗೆ ಶುದ್ಧ ನೀರಿನ ಘಟಕ ಹಾಕಿಸಿದೆವು. ಐದು ರೂಪಾಯಿ ಕಾಯಿನ್ ಹಾಕಿದರೆ 20 ಲೀಟರ್. ಮಕ್ಕಳಿಗೆ ಪುಕ್ಕಟೆ. ಪಕ್ಕದಲ್ಲಿ ಕರಿ ಗ್ರಾನೈಟ್ ಕಲ್ಲು, ಅದರ ಮೇಲೆ ಐದು ಸಾವಿರ ಅಥವಾ ಅದಕ್ಕಿಂತ ಹೆಚ್ಚು ಕೊಟ್ಟವರ ಹೆಸರು. ಲಾಸ್ಟ್ ಬೆಂಚ್ ಕೊಟ್ಟದ್ದು ನಾಲ್ಕೂವರೆ ಸಾವಿರ. ಉಳಿದ ಐನೂರು ಪೆಂಡಾಲಿಗೆ ಕೊಟ್ಟಿದ್ದೆ, ಅದನ್ನು ಕೂಡಿಸಿ ಅಂತ ಆವಾಗಿನಿಂದ ಅವನ ವಾದ. ಕೂಡಿಸಿದರೆ ಉಳಿದವರ ಪೆಂಡಾಲಿನ ದುಡ್ಡೂ ಕೂಡಿಸಬೇಕಾಗುತ್ತೆ ಅಂತ ಅಡ್ಮಿನ್ ವಾದ. ಅಡ್ಮಿನ್ ಹೆಸರು ಮೊದಲ ಸಾಲಿನಲ್ಲಿದೆ, ಅಕ್ಷರವೂ ಕೊಂಚ ದಪ್ಪ. ಮನೂಕನ ತಂದೆಯ ಇನಿಷಿಯಲ್ ತಪ್ಪಾಗಿದೆ. ಪ್ರತಿಯೊಬ್ಬರಿಗೂ ಆ ಕಲ್ಲಿನ ಮೇಲೆ ಒಂದೊಂದು ತಕರಾರು.

ಸರ್: ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯಬಾರದು.

ಕಲ್ಲಿನ ಕೆಳಗೆ ‘ಘನ ಉಪಸ್ಥಿತಿ’ ಅಂತ ಸರ್ ಹೆಸರು ಎಂಎಸ್ಸಿ, ಬಿಎಡ್ ಸಮೇತ ಕೆತ್ತಿದೆ. ಅದನ್ನು ನೆನಪಿಸುವ ಧೈರ್ಯ ಯಾರಿಗೂ ಬರಲಿಲ್ಲ.

ಲೆಕ್ಕಪತ್ರ ಕೊಡು ಅಂತ ಒಬ್ಬ. ಕೊಟ್ಟಿದ್ದೇನೆ, ಫೋಟೋ ತೆಗೆದು ಹಾಕಿದ್ದೇನೆ, ಮೇಲೆ ಹುಡುಕು ಅಂತ ಅಡ್ಮಿನ್. ಫೋಟೋ ಮಸುಕಾಗಿತ್ತು ಅಂತ ಇನ್ನೊಬ್ಬ. ನಡುವೆ ಯಾರೋ ಮಗಳ ಮದುವೆ ಕಾರ್ಡು ಹಾಕಿದರು, ಎರಡು ನಿಮಿಷ ಎಲ್ಲರೂ ಅಭಿನಂದನೆ ಹೇಳಿ ಮತ್ತೆ ಕಲ್ಲಿಗೆ ಬಂದರು. ಈ ಗದ್ದಲದ ಮಧ್ಯೆ ಒಂದು ಧ್ವನಿ ಮೆಸೇಜು ಬಿದ್ದಿತ್ತು. ಕಳಿಸಿದವನು ವಾಟರ್‌ಮನ್. ನಮ್ಮ ಜೊತೆಗೇ ಓದಿದವನು, ಊರಲ್ಲೇ ಉಳಿದವನು, ಪಂಚಾಯ್ತಿಯಲ್ಲಿ ನೀರು ಬಿಡುವ ಕೆಲಸ. ಗುಂಪಿನಲ್ಲಿ ಮಾತಾಡುವುದೇ ಅಪರೂಪ.

“ಎಲ್ಲಾರಿಗೂ ನಮಸ್ಕಾರ್ರಿ. ಆ ಮಷಿನ್ ದೀಪಾವಳಿಯಿಂದ ಬಂದ್ ಐತಿ. ನೀರು ಶುದ್ಧ ಮಾಡೋ ಮೆಂಬ್ರೇನ್ ಛಲೋ ಐತಿ. ಅದರ ಮುಂದಿನ ಜಂಬೋ ಫಿಲ್ಟರ್ ಕೆಸರು ಕೂತು ಕಟ್ಟೈತಿ, 20 ಇಂಚಿಂದು. ಮೂರು ತಿಂಗಳಿಗೊಮ್ಮೆ ಬದಲಿ ಮಾಡಬೇಕ್ರಿ ಅದನ್ನ. ಹಾಕಿದವರ ಫೋನ್ ಹತ್ತವಲ್ದು. ಕಾಯಿನ್ ಡಬ್ಬಿಯೊಳಗ ಯಾರೋ ವಾಷರ್ ಹಾಕಿದ್ರು, ಅದನ್ನ ನಾನ ಬಿಚ್ಚಿ ತೆಗದೀನಿ. ಫಿಲ್ಟರ್ ಕಳಿಸಿದ್ರ ನಾನ ಹಾಕ್ತೀನಿ, ಹತ್ತ ನಿಮಿಷದ ಕೆಲಸ.”

ಘಟಕ ನಿಂತು ಇಷ್ಟು ದಿನವಾಗಿದೆ, ಕಲ್ಲಿನ ಬಗ್ಗೆ ಜಗಳ ಆಡುತ್ತಿರುವ ಒಬ್ಬರಿಗೂ ಗೊತ್ತಿಲ್ಲ. ಹೊಸದು ಹಾಕಿಸಲಿಕ್ಕೆ ತಲೆಗೆ ಎರಡು ಸಾವಿರ ಕೊಡಲು ರೆಡಿ ಇದ್ದವರು ಹದಿನಾಲ್ಕು ಮಂದಿ. ಆ ಫಿಲ್ಟರ್ ಸಾವಿರದ ಒಳಗೇ ಸಿಗುತ್ತದೆ. ಧ್ವನಿ ಮೆಸೇಜನ್ನು ಕೇಳುವ ತಾಳ್ಮೆ ಯಾರಿಗೂ ಇರಲಿಲ್ಲ, ಆದ್ದರಿಂದ ನಾನೇ ಅದನ್ನು ಬರಹಕ್ಕೆ ಇಳಿಸಿ ಗುಂಪಿಗೆ ಹಾಕಿದೆ.

ಐದು ನಿಮಿಷ ಯಾರೂ ಏನೂ ಬರೆಯಲಿಲ್ಲ. ಆಮೇಲೆ ಮನೂಕ.

ಮನೂಕ: ಒಂದು ಫಿಲ್ಟರ್ ನನ್ನದು. ನಾಳೆ ವಿಜಯಪುರಕ್ಕೆ ಹೋಗುತ್ತೇನೆ, ತಂದು ಕೊಡುತ್ತೇನೆ. ಅದರ ಮೇಲೆ ಹೆಸರು ಬರೆಸಬಹುದಾ?

ವಾಟರ್‌ಮನ್: ನೀಲಿ ಡಬ್ಬಿ ದೊಡ್ಡದೈತ್ರಿ. ಚೀಟಿ ಅಂಟಿಸಬಹುದು. ಮೂರು ತಿಂಗಳಿಗೆ ಹೊಸ ಫಿಲ್ಟರು, ಹೊಸ ಹೆಸರು.

ಆಧಾರ್ ಕಾರ್ಡ್ ಮೊದಲ ಸಲ ಯಾರ ಮೆಸೇಜಿಗೋ ಹೆಬ್ಬೆರಳು ಒತ್ತಿದ. ಅಡ್ಮಿನ್ ತಕ್ಷಣ ಪಟ್ಟಿ ಶುರು ಮಾಡಿದ, ಒಂದನೇ ಹೆಸರು ತನ್ನದೇ. ಮನೂಕನದು ಎರಡನೆಯದು. ತರುವವನು ನಾನು, ಮೊದಲು ನೀನಾ? ಮತ್ತೆ ಅರ್ಧ ಗಂಟೆ. ಕೊನೆಗೆ ಸರ್ ತೀರ್ಪು ಕೊಟ್ಟರು: ಹಾಜರಿ ಪುಸ್ತಕದ ನಂಬರಿನ ಪ್ರಕಾರ ಪಾಳಿ.

ಲಾಸ್ಟ್ ಬೆಂಚ್: ನನ್ನ ನಂಬರು 43. ಕೊನೆಯದು.

ಆಧಾರ್ ಕಾರ್ಡ್: 42 ಸಲ ಮೂರು ತಿಂಗಳು. ಹತ್ತೂವರೆ ವರ್ಷ ಕಾಯಬೇಕು.

ಈ ಲೆಕ್ಕಕ್ಕೆ ಯಾರೂ ಮೂಲ ಕೇಳಲಿಲ್ಲ. ಲಾಸ್ಟ್ ಬೆಂಚ್ ಗುಂಪು ಬಿಟ್ಟು ಹೋದ. ಸಂಜೆ ಅಡ್ಮಿನ್ ಮತ್ತೆ ಸೇರಿಸಿದ.