ಹಿಂದಿನ ಚಕ್ರದಲ್ಲಿ ಕೀಂ ಕೀಂ ಸದ್ದು: ಬೇರಿಂಗ್ ಬದಲಿಸಿದರೂ ಹೋಗುತ್ತಿಲ್ಲ

ಕೋಡಿಬಾಗ ಸವಾರ:
ನಮಸ್ಕಾರ. 100 ಸಿಸಿ ಬೈಕು, ಹಿಂದೆ ಮುಂದೆ ಎರಡೂ ಡ್ರಮ್ ಬ್ರೇಕ್. ದಿನಾ ಕಾರವಾರದಿಂದ ಅಂಕೋಲೆಗೆ ಹೋಗಿ ಬರುತ್ತೇನೆ. ಮಳೆಗಾಲ ಮುಗಿದ ಮೇಲೆ ಹಿಂದಿನ ಚಕ್ರದಿಂದ ಕೀಂ... ಕೀಂ... ಅಂತ ಸದ್ದು ಶುರುವಾಗಿದೆ. ಬೆಳಿಗ್ಗೆ ಮನೆ ಬಿಡುವಾಗ ಏನೂ ಇಲ್ಲ. ಬಿಣಗಾ ದಾಟಿದ ಮೇಲೆ ಸಣ್ಣಗೆ ಶುರು, ಅಮದಳ್ಳಿ ಹತ್ತಿರ ಬರುವಾಗ ಹೆಲ್ಮೆಟ್ ಒಳಗೂ ಕೇಳುತ್ತದೆ. ಗ್ಯಾರೇಜಿನಲ್ಲಿ ಬೇರಿಂಗ್ ಬದಲಿಸಿ ಚೈನ್ ಬಿಗಿ ಮಾಡಿ ಕೊಟ್ಟರು. ಸದ್ದು ಕಮ್ಮಿಯಾಗುವುದು ಬಿಟ್ಟು ಹೆಚ್ಚಾಗಿದೆ. ಈಗ ಚೈನ್ ಸೆಟ್ ಪೂರ್ತಿ ಹಾಕಿಸಿ ಅನ್ನುತ್ತಿದ್ದಾರೆ. ಹಾಕಿಸಲಾ?

ಕುಮಟಾ ಗಾಡಿ:
ಉಪ್ಪು ಗಾಳಿಗೆ ಚೈನ್ ಒಣಗಿ ತುಕ್ಕು ಹಿಡಿದಿರುತ್ತದೆ. ಮೊದಲು ಸೀಮೆಎಣ್ಣೆಯಲ್ಲಿ ತೊಳೆದು ಚೈನ್ ಲ್ಯೂಬ್ ಹೊಡೆದು ನೋಡಿ. ತೆಂಗಿನೆಣ್ಣೆ ಮಾತ್ರ ಹಾಕಬೇಡಿ, ಧೂಳು ಅಂಟಿ ಕೆಸರಾಗುತ್ತದೆ.

ಶಿರಸಿ ಸ್ಪ್ಯಾನರ್:
ಚೈನ್ ಸೆಟ್‌ಗೆ ಈಗಲೇ ದುಡ್ಡು ಹಾಕಬೇಡಿ. ಸದ್ದು ಎಷ್ಟು ಸುತ್ತಿಗೆ ಒಮ್ಮೆ ಬರುತ್ತದೆ ಅಂತ ಎಣಿಸದೆ ಯಾವ ಭಾಗವನ್ನೂ ಬದಲಿಸಬಾರದು. ಆ ಲೆಕ್ಕ ಸಿಕ್ಕಿದರೆ ಅರ್ಧ ಗಾಡಿ ಬಿಚ್ಚುವುದು ತಪ್ಪುತ್ತದೆ.

ಸೆಂಟರ್ ಸ್ಟ್ಯಾಂಡ್ ಹಾಕಿ, ನ್ಯೂಟ್ರಲ್ ಮಾಡಿ, ಟೈರಿನ ಮೇಲೊಂದು ಸೀಮೆಸುಣ್ಣದ ಗುರುತು, ಚೈನಿನ ಒಂದು ಕೊಂಡಿಯ ಮೇಲೆ ಇನ್ನೊಂದು. ಎಂಜಿನ್ ಆಫ್ ಇರಲಿ. ಬೆರಳು ಚೈನಿನಿಂದ ದೂರ ಇಟ್ಟು, ಟೈರ್ ಹಿಡಿದು ಕೈಯಲ್ಲೇ ತಿರುಗಿಸಿ. ಸದ್ದು ಟೈರಿನ ಗುರುತು ಒಂದೇ ಜಾಗಕ್ಕೆ ಬಂದಾಗಲೆಲ್ಲ ಬಂದರೆ ಅದು ಚಕ್ರದ ಜೊತೆ ಸುತ್ತುವ ವಸ್ತು: ಡ್ರಮ್ಮು (ಬ್ರೇಕಿನ ದುಂಡು ಡಬ್ಬಿ), ಹಿಂದಿನ ಸ್ಪ್ರಾಕೆಟ್ಟು (ಚೈನ್ ಕೂರುವ ಹಲ್ಲುಚಕ್ರ) ಅಥವಾ ಎಲ್ಲೋ ತಾಗುವ ಮಡ್‌ಗಾರ್ಡು. ಚೈನ್ ಒಂದು ಪೂರ್ತಿ ಸುತ್ತು ಬರುವಷ್ಟರಲ್ಲಿ ಚಕ್ರ ಹೆಚ್ಚುಕಮ್ಮಿ ಎರಡೂವರೆ ಸುತ್ತು ತಿರುಗಿರುತ್ತದೆ. ಹಾಗಾಗಿ ಚೈನಿನ ಗುರುತಿನ ಜೊತೆ ಸದ್ದು ಬಂದರೆ ಎಲ್ಲೋ ಒಂದು ಕೊಂಡಿ ಬಿಗಿದುಕೊಂಡಿದೆ ಅಂತ ಅರ್ಥ. ಬೇರಿಂಗ್ ಹೋದರೆ ಸಾಮಾನ್ಯವಾಗಿ ಹೀಗೆ ಬಿಟ್ಟು ಬಿಟ್ಟು ಕೀಂ ಅನ್ನುವುದಿಲ್ಲ, ಗುರ್ರ್ ಅಂತ ಒಂದೇ ಸಮ ಕೊರೆಯುತ್ತದೆ, ಟೈರನ್ನು ಅಡ್ಡಡ್ಡ ಅಲ್ಲಾಡಿಸಿದರೆ ಕಟಕಟ ಆಡುತ್ತದೆ.

ಓಡುವಾಗಲೂ ತಾಳ ಹಿಡಿಯಬಹುದು. 18 ಇಂಚಿನ ಚಕ್ರದ ಸುತ್ತಳತೆ ಸುಮಾರು 1.9 ಮೀಟರ್. 20 ಕಿ.ಮೀ. ವೇಗದಲ್ಲಿ ಸೆಕೆಂಡಿಗೆ ಹತ್ತಿರ ಹತ್ತಿರ ಮೂರು ಸುತ್ತು, ಅಷ್ಟೇ ಸಲ ಕೀಂ ಅಂದರೆ ಅದು ಚಕ್ರದ ತಾಳ. ಗುಂಡಿ ಹಾರಿದಾಗ ಮಾತ್ರ ಕಿರ್ ಅಂದರೆ ಅದು ಚಕ್ರದ್ದಲ್ಲ, ಶಾಕ್ ಅಬ್ಸಾರ್ಬರ್ ಅಥವಾ ಸ್ವಿಂಗ್ ಆರ್ಮ್ (ಹಿಂದಿನ ಚಕ್ರವನ್ನು ಹಿಡಿದಿರುವ ಕವಲು) ಬುಶ್ ನೋಡಬೇಕು.

ಇನ್ನೂ ಎರಡು ವಿಷಯ ಹೇಳಿ. ಸದ್ದು ಬರುವಾಗ ಹಿಂದಿನ ಬ್ರೇಕನ್ನು ಹಗುರವಾಗಿ ಒತ್ತಿದರೆ ಏನಾಗುತ್ತದೆ? ಅಂಕೋಲೆ ಮುಟ್ಟಿದ ಕೂಡಲೇ ಹಿಂದಿನ ಹಬ್ (ಚಕ್ರದ ನಡುಭಾಗ) ಹತ್ತಿರ ಕೈ ತಂದರೆ ಬಿಸಿ ತಾಗುತ್ತದಾ? ಜೋಪಾನ, ನೇರ ಮುಟ್ಟಬೇಡಿ.

ಕೋಡಿಬಾಗ ಸವಾರ:
ಇವತ್ತು ನೋಡಿದೆ. ಟೈರಿನ ಗುರುತು ಕೆಳಗೆ ಬಂದಾಗ ಪ್ರತಿ ಸಲ ಕೀಂ. ಚೈನಿನ ಗುರುತಿಗೂ ಸದ್ದಿಗೂ ಸಂಬಂಧವೇ ಇಲ್ಲ. ಬ್ರೇಕ್ ಹಗುರವಾಗಿ ಒತ್ತಿದರೆ ಸದ್ದು ಪೂರ್ತಿ ನಿಲ್ಲುತ್ತದೆ. ಹಬ್ ಚೆನ್ನಾಗಿ ಬಿಸಿ ಇತ್ತು, ಮುಂದಿನದು ತಣ್ಣಗಿತ್ತು.

ಶಿರಸಿ ಸ್ಪ್ಯಾನರ್:
ಹಾಗಾದರೆ ಲೈನರ್ (ಬ್ರೇಕ್ ಒತ್ತಿದಾಗ ಡ್ರಮ್ಮಿನ ಒಳಮೈ ಹಿಡಿಯುವ ಭಾಗ) ಡ್ರಮ್ಮಿಗೆ ಸದಾ ಉಜ್ಜುತ್ತಿದೆ. ಯಾವ ಡ್ರಮ್ಮೂ ನೂರಕ್ಕೆ ನೂರು ದುಂಡಗಿರುವುದಿಲ್ಲ, ಸ್ವಲ್ಪ ಉಬ್ಬಿದ ಜಾಗ ಲೈನರಿಗೆ ತಾಗಿದಾಗ ಕೀಂ ಅನ್ನುತ್ತದೆ. ಉಜ್ಜಿ ಉಜ್ಜಿ ಕಾಯುತ್ತದೆ, ಕಾದಂತೆ ಸದ್ದು ಏರುತ್ತದೆ. ಬೆಳಿಗ್ಗೆ ಸುಮ್ಮನಿದ್ದು ಆಮೇಲೆ ಕೂಗುವುದು ಅದಕ್ಕೇ.

ಮೊದಲ ಅನುಮಾನ ಚೈನ್ ಬಿಗಿ ಮಾಡಿದ್ದರ ಮೇಲೆ. ಚೈನ್ ಬಿಗಿಯಾಗಲು ಚಕ್ರವನ್ನು ಹಿಂದಕ್ಕೆ ಎಳೆಯುತ್ತಾರೆ. ಚಕ್ರದ ಜೊತೆ ಬ್ರೇಕ್ ಪ್ಲೇಟೂ (ಡ್ರಮ್ಮಿನ ಮುಚ್ಚಳ) ಹಿಂದೆ ಹೋಗುತ್ತದೆ, ಪೆಡಲಿನಿಂದ ಬರುವ ಬ್ರೇಕ್ ರಾಡ್ ಎಳೆದುಕೊಳ್ಳುತ್ತದೆ. ಆಗ ರಾಡಿನ ತುದಿಯ ನಟ್ ಸಡಿಲಿಸದೆ ಬಿಟ್ಟರೆ ಯಾರೂ ಒತ್ತದೆಯೇ ಬ್ರೇಕ್ ಅರ್ಧ ಹಿಡಿದಿರುತ್ತದೆ. ಸದ್ದು ಹೆಚ್ಚಾಗಿದ್ದು ಹಾಗೇ ಇರಬೇಕು. ಪೆಡಲ್ 20 ರಿಂದ 30 ಮಿ.ಮೀ. ಖಾಲಿ ಹೋಗಿ ಆಮೇಲೆ ಹಿಡಿಯಬೇಕು, ನಿಮ್ಮದನ್ನು ಅಳೆದು ನೋಡಿ.

ಕೋಡಿಬಾಗ ಸವಾರ:
ಖಾಲಿ ಆಟ ಇರಲೇ ಇಲ್ಲ! ನಟ್ ಸಡಿಲಿಸಿದೆ. ಸದ್ದು ತುಂಬಾ ಕಮ್ಮಿಯಾಗಿದೆ, ಪೂರ್ತಿ ಹೋಗಿಲ್ಲ. ಒಂದೆರಡು ಸಲ ಬ್ರೇಕ್ ಹಿಡಿದ ಮೇಲೆ ಮತ್ತೆ ಶುರು. ಪೆಡಲ್ ಬಿಟ್ಟಾಗ ಚಕ್ರದ ಹತ್ತಿರದ ಬ್ರೇಕ್ ಆರ್ಮ್ ನಿಧಾನಕ್ಕೆ ಹಿಂದೆ ಬರುತ್ತದೆ, ಕೈಯಲ್ಲಿ ತಳ್ಳಿದರೆ ಇನ್ನೂ ಸ್ವಲ್ಪ ಹೋಗುತ್ತದೆ.

ಶಿರಸಿ ಸ್ಪ್ಯಾನರ್:
ಸಿಕ್ಕಿತು. ಬ್ರೇಕ್ ಕ್ಯಾಮ್, ಅಂದರೆ ಆರ್ಮ್ ಜೊತೆ ತಿರುಗಿ ಲೈನರನ್ನು ಡ್ರಮ್ಮಿಗೆ ಒತ್ತುವ ಕಂಬಿ, ಬಿಗಿದುಕೊಂಡಿದೆ. ಕರಾವಳಿ ಗಾಡಿಗಳಲ್ಲಿ ಇದನ್ನು ನಾನು ಘಟ್ಟದ ಮೇಲಿನ ಗಾಡಿಗಳಿಗಿಂತ ಎಷ್ಟೋ ಹೆಚ್ಚು ನೋಡಿದ್ದೇನೆ. ಉಕ್ಕಿನ ಕ್ಯಾಮ್ ಅಲ್ಯೂಮಿನಿಯಂ ಪ್ಲೇಟಿನ ತೂತಿನಲ್ಲಿ ತಿರುಗುತ್ತದೆ. ತೂತಿನ ಬಾಯಿಗೆ ಸಾಮಾನ್ಯವಾಗಿ ಒಂದು ಫೆಲ್ಟ್ (ಒತ್ತಿದ ದಪ್ಪ ಬಟ್ಟೆ) ಉಂಗುರ ಇರುತ್ತದೆ. ಅದು ಒಣಗಿದರೆ ಉಪ್ಪು ನೀರು ಒಳಗಿಳಿದು ತುಕ್ಕು ಕಟ್ಟುತ್ತದೆ, ಚಿರೆಕಲ್ಲಿನ ಕೆಂಪು ಧೂಳು ಸೇರಿ ಗಟ್ಟಿಯಾಗುತ್ತದೆ. ಲೈನರ್ ಸ್ಪ್ರಿಂಗಿಗೆ ಕ್ಯಾಮನ್ನು ವಾಪಸ್ ತಿರುಗಿಸುವ ಶಕ್ತಿ ಸಾಲುವುದಿಲ್ಲ.

ಚಕ್ರ ಇಳಿಸಲೇಬೇಕು. ಹೊರಗಿಂದ ಡ್ರಮ್ಮಿಗೆ ಎಣ್ಣೆ ಬಿಡುವವರಿದ್ದಾರೆ, ದಯವಿಟ್ಟು ಆ ಕೆಲಸ ಬೇಡ. ಲೈನರಿಗೆ ಎಣ್ಣೆ ತಾಗಿದರೆ ದೇವಿಮನೆ ಘಾಟಿ ಇಳಿಯುವಾಗ ಹಿಂದಿನ ಬ್ರೇಕ್ ಇಲ್ಲ ಅಂತಲೇ ಲೆಕ್ಕ.

ಒಳಗಿನ ಕಪ್ಪು ಪುಡಿಯನ್ನು ಊದಬೇಡಿ, ಹಳೆಯ ಲೈನರಿನಲ್ಲಿ ಶ್ವಾಸಕೋಶಕ್ಕೆ ಅಪಾಯಕಾರಿಯಾದ ಆಸ್ಬೆಸ್ಟಾಸ್ ನಾರು ಇರಬಹುದು. ಒದ್ದೆ ಬಟ್ಟೆಯಲ್ಲಿ ಒರೆಸಿ. ಆರ್ಮ್ ತೆಗೆಯುವ ಮುಂಚೆ ಆರ್ಮಿಗೂ ಕ್ಯಾಮಿಗೂ ಸೇರುವಂತೆ ಒಂದು ಗೀಟು ಹಾಕಿಕೊಳ್ಳಿ, ಎರಡೂ ಹಲ್ಲುಗಳಲ್ಲಿ ಸೇರುತ್ತವೆ, ಒಂದು ಹಲ್ಲು ತಪ್ಪಿದರೂ ಬ್ರೇಕ್ ಸರಿ ಕೂರುವುದಿಲ್ಲ. ಕ್ಯಾಮನ್ನು ನಯವಾದ ಸ್ಯಾಂಡ್ ಪೇಪರಿನಲ್ಲಿ ಉಜ್ಜಿ ಹೊಳಪು ಬರಿಸಿ, ತೂತು ಒರೆಸಿ, ಹೈ ಟೆಂಪರೇಚರ್ ಗ್ರೀಸ್ ತೆಳ್ಳಗೆ ಸವರಿ. ಹೆಚ್ಚಾದರೆ ಬಿಸಿಗೆ ಕರಗಿ ಲೈನರಿಗೆ ಇಳಿಯುತ್ತದೆ. ಫೆಲ್ಟಿಗೆ ಒಂದು ಹನಿ ಎಂಜಿನ್ ಆಯಿಲ್. ಲೈನರ್ ಕನ್ನಡಿಯಂತೆ ಮಿಂಚುತ್ತಿದ್ದರೆ ಪೇಪರಿನಲ್ಲಿ ಉಜ್ಜಿ ಪುಡಿ ಎಬ್ಬಿಸಬೇಡಿ, ಹೊಸದು ಹಾಕಿ.

ಜೋಡಿಸುವಾಗ ಆಕ್ಸಲ್ ನಟ್ ಪೂರ್ತಿ ಬಿಗಿಯುವ ಮುಂಚೆ ಬ್ರೇಕ್ ಪೆಡಲ್ ಒತ್ತಿ ಹಿಡಿದುಕೊಳ್ಳಲು ಯಾರಿಗಾದರೂ ಹೇಳಿ. ಲೈನರ್ ಡ್ರಮ್ಮಿನ ನಡುವಿಗೆ ತಾನೇ ಕೂರುತ್ತದೆ. ಬ್ರೇಕ್ ಪ್ಲೇಟಿನಿಂದ ಸ್ವಿಂಗ್ ಆರ್ಮಿಗೆ ಹೋಗುವ ಪಟ್ಟಿಯ ನಟ್ಟಿಗೆ ಸ್ಪ್ಲಿಟ್ ಪಿನ್ ಇದ್ದರೆ ಹೊಸದೇ ಹಾಕಿ. ಆ ಪಟ್ಟಿ ಕಳಚಿದರೆ ಬ್ರೇಕ್ ಹಿಡಿದಾಗ ಪ್ಲೇಟೇ ತಿರುಗಿ ಚಕ್ರ ಲಾಕ್ ಆಗಬಹುದು. ಇದೊಂದರಲ್ಲಿ ಉದಾಸೀನ ಬೇಡ.

ಕೋಡಿಬಾಗ ಸವಾರ:
ಭಾನುವಾರ ಬಿಚ್ಚಿದೆ. ಕ್ಯಾಮ್ ಕೈಯಲ್ಲಿ ಬರಲೇ ಇಲ್ಲ, ಮರದ ತುಂಡು ಇಟ್ಟು ಮೆಲ್ಲಗೆ ಬಡಿದ ಮೇಲೆ ಹೊರಬಂತು, ಮೈ ಪೂರ್ತಿ ಕಂದು ತುಕ್ಕು. ಫೆಲ್ಟ್ ಮುಟ್ಟಿದರೆ ಪುಡಿ, ಹೊಸದು ಹಾಕಿದೆ. ಈಗ ಪೆಡಲ್ ಬಿಟ್ಟರೆ ಆರ್ಮ್ ಟಕ್ ಅಂತ ವಾಪಸ್ ಬರುತ್ತದೆ. ಅಂಕೋಲೆಗೆ ಹೋಗಿ ಬಂದೆ, ಸದ್ದಿಲ್ಲ, ಹಬ್ ಉಗುರು ಬೆಚ್ಚಗಷ್ಟೇ. ತುಂಬಾ ಉಪಕಾರ ಆಯಿತು. ಇನ್ನು ಯಾವಾಗ ಬಿಚ್ಚಬೇಕು? ಲೈನರ್ ಬಾಳಿಕೆ ಹೇಗೆ ಗೊತ್ತಾಗುತ್ತದೆ?

ಶಿರಸಿ ಸ್ಪ್ಯಾನರ್:
ಸಮುದ್ರದ ಬದಿಗೆ ಇರುವವರು ಮಳೆಗಾಲದ ಮುಂಚೆ ಒಮ್ಮೆ, ಮುಗಿದ ಮೇಲೆ ಒಮ್ಮೆ ಕ್ಯಾಮ್ ತೆಗೆದು ಗ್ರೀಸ್ ಮಾಡುವುದು ಒಳ್ಳೆಯದು. ಲೈನರಿಗೆ ಬಿಚ್ಚುವುದೇ ಬೇಡ. ಹೆಚ್ಚಿನ ಗಾಡಿಗಳಲ್ಲಿ ಬ್ರೇಕ್ ಆರ್ಮಿನ ಬುಡದಲ್ಲಿ ಒಂದು ಬಾಣದ ಗುರುತು, ಪ್ಲೇಟಿನ ಮೇಲೆ ಇನ್ನೊಂದು ಗುರುತು ಇರುತ್ತದೆ. ಬ್ರೇಕ್ ಪೂರ್ತಿ ಒತ್ತಿದಾಗ ಎರಡೂ ಎದುರುಬದುರು ಬಂದರೆ ಲೈನರ್ ಬದಲಿಸಿ. ಮುಂದಿನ ಸಲ ಯಾರಾದರೂ ಚೈನ್ ಬಿಗಿ ಮಾಡಿದರೆ, ಗ್ಯಾರೇಜಿನಿಂದ ಹೊರಡುವ ಮುಂಚೆ ಪೆಡಲಿನ ಆಟ ನೋಡಿಯೇ ಗಾಡಿ ಸ್ಟಾರ್ಟ್ ಮಾಡಿ.