ಟೆಂಡನ್ ಹರಿದರೆ ‘ನರ ಹರಿದಿದೆ’ ಅನ್ನಬಹುದೇ?

ಎಲ್ಲರಿಗೂ ನಮಸ್ಕಾರ.

ಹೋದ ವಾರ ಅಮ್ಮನ ಎಂಆರ್‌ಐ ರಿಪೋರ್ಟ್ ಬಂತು. ಕುಂಡಿಯ ಪಕ್ಕದಲ್ಲಿರುವ ಗ್ಲೂಟಿಯಸ್ ಮೀಡಿಯಸ್ ಎಂಬ ಮಾಂಸಖಂಡವನ್ನು ಮೂಳೆಗೆ ಸೇರಿಸುವ ಟೆಂಡನ್ ಸ್ವಲ್ಪ ಹರಿದಿದೆ ಎಂದಿತ್ತು. ಅಮ್ಮನಿಗೆ ಹೇಳುವಾಗ ನನ್ನ ಬಾಯಿಗೆ ಬಂದದ್ದು ‘ನರ ಹರಿದಿದೆ’ ಎಂಬ ಮಾತು. ಅಮ್ಮ ಅತ್ತೇಬಿಟ್ಟರು. ಲಕ್ವ ಹೊಡೆದು ಕಾಲು ಬಿದ್ದುಹೋಗುತ್ತದೆ ಎಂದುಕೊಂಡರು. ತಪ್ಪು ನನ್ನದೇ. ಆದರೆ ಬೇರೆ ಯಾವ ಪದ ಹೇಳಬೇಕಿತ್ತು?

ನಮ್ಮ ಮಾತಿನಲ್ಲಿ ಕೈ ಮೇಲೆ ಉಬ್ಬಿದ ರಕ್ತನಾಳವೂ ನರ, ಮಿದುಳಿಗೆ ಸುದ್ದಿ ಒಯ್ಯುವುದೂ ನರ, ಹಿಮ್ಮಡಿಯ ಮೇಲಿನ ಗಟ್ಟಿ ಹುರಿಯೂ ನರ. ಪುಸ್ತಕಗಳಲ್ಲಿ ಟೆಂಡನ್‌ಗೆ ಸ್ನಾಯುರಜ್ಜು, ಮೂಳೆಯನ್ನು ಮೂಳೆಗೆ ಸೇರಿಸುವ ಲಿಗಮೆಂಟ್‌ಗೆ ಅಸ್ಥಿರಜ್ಜು ಎಂದಿದೆ. ಸುಶ್ರುತ ಸಂಹಿತೆಯ ಲೆಕ್ಕ ಇನ್ನೊಂದು ಥರ: ಪೇಶಿ 500, ಸ್ನಾಯು 900, ಕಂಡರ 16. ಅಂದರೆ ಅಲ್ಲಿ ಮಾಂಸಖಂಡ ಎಂದರೆ ಪೇಶಿ. ಸ್ನಾಯು ಎಂದರೆ ಕಟ್ಟಿ ಹಿಡಿಯುವ ನಾರು, ಅದರಲ್ಲಿ ದಪ್ಪನೆಯದು ಕಂಡರ. ನಾವು ಈಗ ಮಾಂಸಖಂಡಕ್ಕೇ ಸ್ನಾಯು ಅನ್ನುತ್ತೇವೆ, ಅಲ್ವಾ? ಈ ಅರ್ಥ ಕನ್ನಡದಲ್ಲಿ ಯಾವಾಗ ಬದಲಾಯಿತು? ಬಲ್ಲವರು ತಿಳಿಸಿ.

ಇನ್ನೊಂದು ಪದ ‘ಸೊಂಟ’. ಇದರಿಂದ ನಮಗೆ ಎಂಟು ತಿಂಗಳು ಹಾಳಾಯಿತು. ಅಮ್ಮ ‘ಸೊಂಟ ನೋವು’ ಅಂದರು. ಬನಶಂಕರಿಯ ಒಂದು ಕ್ಲಿನಿಕ್‌ನಲ್ಲಿ ಬೆನ್ನಿನ ಎಕ್ಸ್‌ರೇ ತೆಗೆದು, ಬೆನ್ನಿನ ವ್ಯಾಯಾಮ ಹೇಳಿಕೊಟ್ಟರು. ನೋವಿದ್ದದ್ದು ಬೆನ್ನಲ್ಲಿ ಅಲ್ಲ. ತೊಡೆಯ ಮೇಲ್ತುದಿಯಲ್ಲಿ, ಪಕ್ಕಕ್ಕೆ ಕೈಗೆ ಸಿಗುವ ಮೂಳೆಯ ಹತ್ತಿರ. ಆ ಮಗ್ಗುಲಿಗೆ ಮಲಗಿದರೆ ಜೀವ ಹೋಗುವಷ್ಟು ನೋವು. ಕೊನೆಗೆ ಇನ್ನೊಬ್ಬ ಡಾಕ್ಟರು ನೋವಿದ್ದ ಆ ಒಂದೇ ಕಾಲಿನ ಮೇಲೆ ನಿಲ್ಲಿಸಿದರು. ಎತ್ತಿದ ಕಾಲಿನ ಕಡೆ ಸೊಂಟ ಕೆಳಗೆ ಜಾರಿತು. ಜರ್ಮನಿಯ ಸರ್ಜನ್ ಟ್ರೆಂಡೆಲೆನ್‌ಬರ್ಗ್ 1895ರಲ್ಲಿ ವಿವರಿಸಿದ ಪರೀಕ್ಷೆ ಅದು. ಆಮೇಲೆಯೇ ಎಂಆರ್‌ಐ. ಐವತ್ತು ದಾಟಿದ ಹೆಂಗಸರಲ್ಲಿ ಇದು ಜಾಸ್ತಿಯಂತೆ. ಎಷ್ಟೋ ಸಲ ಇದನ್ನು ಬರೀ ಆ ಮೂಳೆಯ ಮೇಲಿರುವ ನೀರಿನ ಚೀಲದ (ಬರ್ಸಾ) ಊತ ಎಂದು ಬಿಟ್ಟುಬಿಡುತ್ತಾರಂತೆ.

ಸದ್ಯಕ್ಕೆ ಫಿಸಿಯೋಥೆರಪಿ ನಡೆದಿದೆ. ಕಾಲ ಮೇಲೆ ಕಾಲು ಹಾಕಿ ಕೂರಬಾರದು. ಒಂದೇ ಕಾಲಿಗೆ ಭಾರ ಬಿಟ್ಟು ನಿಲ್ಲಬಾರದು. ಮಲಗುವಾಗ ಮಂಡಿಗಳ ನಡುವೆ ದಿಂಬು. ಸ್ಟೆರಾಯ್ಡ್ ಇಂಜೆಕ್ಷನ್ ಕೆಲವು ವಾರ ನೋವು ತಗ್ಗಿಸಬಹುದು, ಹರಿದದ್ದನ್ನು ಕೂಡಿಸುವುದಿಲ್ಲ. ತಿಂಗಳುಗಟ್ಟಲೆ ಫಿಸಿಯೋಥೆರಪಿ ಮಾಡಿಯೂ ಗುಣವಾಗದಿದ್ದರೆ ಆಪರೇಷನ್ ಮಾಡಿ ಟೆಂಡನ್ ಅನ್ನು ಮತ್ತೆ ಮೂಳೆಗೆ ಹೊಲಿಯುತ್ತಾರೆ.

ಇಷ್ಟನ್ನೂ ಅಮ್ಮನಿಗೆ ಮತ್ತೆ ಹೇಳಿದೆ. ಈ ಸಲ ‘ಮಾಂಸಖಂಡವನ್ನು ಮೂಳೆಗೆ ಕಟ್ಟಿರುವ ಹುರಿ, ಅದರ ಕೆಲವು ಎಳೆ ಬಿಟ್ಟಿವೆ’ ಅಂದೆ. ‘ಬಾವಿ ಹಗ್ಗದ ಹಾಗಾ?’ ಅಂತ ಕೇಳಿದರು. ಆಮೇಲೆ ಅಳಲಿಲ್ಲ.

ಟೆಂಡನ್‌ಗೆ ‘ಹುರಿ’ ಎಂದೇ ಬಳಸಬಹುದೇ? ನಮ್ಮಜ್ಜಿ ದನದ ಹಿಂಭಾಗದ ಮೂಳೆಗೆ ‘ಚಪ್ಪೆ’ ಅನ್ನುತ್ತಿದ್ದರು. ಸೊಂಟದಿಂದ ಬೇರೆ ಮಾಡಿ ಹೇಳಲು ಅದು ಮನುಷ್ಯರಿಗೂ ಹೊಂದುತ್ತದೆಯೇ? ಗರಡಿಯಲ್ಲಿ ಪಳಗಿದವರು, ದನ ಸಾಕಿದವರು ನಿಮ್ಮಲ್ಲಿದ್ದರೆ ನಿಮ್ಮ ಕಡೆಯ ಪದಗಳನ್ನು ದಯವಿಟ್ಟು ಬರೆಯಿರಿ.