ಸೊಂಟದಲ್ಲಿ ಪಿಸ್ತೂಲು, ಬೆನ್ನ ಹಿಂದೆ ಪೊಲೀಸ್ ದೀಪ: ಟೆಕ್ಸಾಸ್ ಕನ್ನಡಿಗರ ಗುಂಪಿನಲ್ಲಿ ಸದಸ್ಯರ ಪ್ರಶ್ನೆ, ವಕೀಲರ ಉತ್ತರ

ಪ್ರಶ್ನೆ (ಫ್ರಿಸ್ಕೋದಿಂದ): ನಮಸ್ಕಾರ ಸರ್. ನಾನು ಮಡಿಕೇರಿ ಕಡೆಯವನು. ಗ್ರೀನ್ ಕಾರ್ಡ್ ಬಂದು ಎರಡು ವರ್ಷ ಆಯಿತು. ಊರಲ್ಲಿ ಕೈಲ್‌ಪೊಳ್ದ್ ಹಬ್ಬದ ದಿನ ಕೋವಿಗೆ ಹೂವಿಟ್ಟು ಪೂಜೆ ಮಾಡಿ ಬೆಳೆದವನು, ಹಾಗಾಗಿ ಕೋವಿ ಹೊಸದಲ್ಲ. ಇಲ್ಲಿ ಹೋದ ತಿಂಗಳು ಎಲ್‌ಟಿಸಿ ತಗೊಂಡೆ, ಅದೇ, ಪಿಸ್ತೂಲು ಇಟ್ಟುಕೊಂಡು ಓಡಾಡುವ ಲೈಸೆನ್ಸ್.

ಮೊನ್ನೆ ರಾತ್ರಿ ಸ್ಪೀಡ್ ಜಾಸ್ತಿ ಆಯಿತು ಅಂತ ಪೊಲೀಸ್ ನಿಲ್ಲಿಸಿದರು. ಪಿಸ್ತೂಲು ಬಲ ಸೊಂಟದಲ್ಲಿ, ಪರ್ಸ್ ಪ್ಯಾಂಟಿನ ಹಿಂದಿನ ಬಲ ಜೇಬಿನಲ್ಲಿ. ಆಫೀಸರ್ ಲೈಸೆನ್ಸ್ ಕೇಳಿದ. ನಾನು ಕೈ ಹಿಂದಕ್ಕೆ ಹಾಕುತ್ತಿದ್ದೆ. ಅಷ್ಟರಲ್ಲಿ ಪಕ್ಕದಲ್ಲಿದ್ದ ಹೆಂಡತಿ ಗಾಬರಿಯಿಂದ "ರೀ, ಗನ್ ಇದೆ ಅಂತ ಮೊದ್ಲು ಹೇಳ್ಬಿಡಿ!" ಅಂದಳು. ಅವನಿಗೆ ಅರ್ಥ ಆಗಿದ್ದು 'ಗನ್' ಒಂದೇ ಪದ. ಒಂದು ಹೆಜ್ಜೆ ಹಿಂದೆ ಹೋಗಿ ತನ್ನ ಸೊಂಟಕ್ಕೆ ಕೈ ಹಾಕಿ ಕಿರುಚಿದ. ಕೊನೆಗೆ ವಾರ್ನಿಂಗ್ ಕೊಟ್ಟು ಬಿಟ್ಟ, ನಿಜ. ಆದರೆ ನನಗೆ ಎರಡು ದಿನ ನಿದ್ದೆ ಇಲ್ಲ. ನಾನು ಏನು ಮಾಡಬೇಕಿತ್ತು?

ವಕೀಲರ ಉತ್ತರ: ಮೊದಲು ಒಂದು ತಮಾಷೆ, ಬೇಜಾರಾಗಬೇಡಿ. ನಿಮ್ಮ ಮನೆಯವರು 'ಕೋವಿ' ಅಂದಿದ್ದರೆ ಏನೂ ಆಗುತ್ತಿರಲಿಲ್ಲ.

ಈಗ ವಿಷಯಕ್ಕೆ ಬರೋಣ. ನಿಮ್ಮ ಕೈಲಿ ಲೈಸೆನ್ಸ್ ಇದೆ ಅನ್ನುವುದು ನಿಮಗೆ ಗೊತ್ತು. ಕತ್ತಲಲ್ಲಿ ನಡೆದು ಬರುವ ಆಫೀಸರ್‌ಗೆ ಗೊತ್ತಿಲ್ಲ. ಅವನು ನೋಡುವುದು ನಿಮ್ಮ ಕೈ ಎಲ್ಲಿದೆ ಅಂತ. ಅದಕ್ಕೇ ಹೇಳುವುದು, ಈ ಹೊತ್ತಿನಲ್ಲಿ ಮಾತಿಗಿಂತ ಕೈ ಮುಖ್ಯ. ಇಂಡಿಕೇಟರ್ ಹಾಕಿ, ಬಲಕ್ಕೆ ತಗೊಂಡು, ಆದಷ್ಟು ಬೆಳಕಿರುವ ಕಡೆ ನಿಲ್ಲಿಸಿ. ಎಂಜಿನ್ ಆಫ್ ಮಾಡಿ, ಒಳಗಿನ ದೀಪ ಹಾಕಿ, ಗಾಜು ಇಳಿಸಿ. ಆಮೇಲೆ ಎರಡೂ ಕೈ ಸ್ಟೀರಿಂಗ್ ಮೇಲೆ, ಬೆರಳು ಬಿಡಿಸಿ. ಮುಂದೆ ಕೂತವರ ಕೈ ಡ್ಯಾಶ್‌ಬೋರ್ಡ್ ಮೇಲೆ.

ಅವರು ಹೇಳದೆ ನೀವಾಗಿಯೇ ಕಾರಿಂದ ಇಳಿಯಬೇಡಿ. ನಮ್ಮ ಕಡೆ ಪೊಲೀಸರು ಕೈ ಅಡ್ಡ ಹಾಕಿದರೆ ಬೈಕ್ ಸ್ಟ್ಯಾಂಡ್ ಹಾಕಿ, ಕಾಗದ ಹಿಡಿದು "ಸಾರ್, ಸಾರ್" ಅಂತ ಅವರ ಹತ್ತಿರ ಹೋಗುವುದೇ ಮರ್ಯಾದೆ. ಇಲ್ಲಿ ಹಾಗೆ ಹೋದರೆ ಮೈಮೇಲೆ ಬರುತ್ತಿದ್ದಾನೆ ಅಂದುಕೊಳ್ಳುತ್ತಾರೆ. ಹತ್ತು ವರ್ಷ ಇಲ್ಲಿದ್ದವರೂ ಗಾಬರಿಯಲ್ಲಿ ಈ ತಪ್ಪು ಮಾಡುತ್ತಾರೆ.

ಟೆಕ್ಸಾಸ್ ಕಾನೂನಿನ ಪ್ರಕಾರ, ಮೈಮೇಲೆ ಪಿಸ್ತೂಲು ಇದ್ದಾಗ ಆಫೀಸರ್ ಗುರುತಿನ ಕಾರ್ಡ್ ಕೇಳಿದರೆ ಡ್ರೈವಿಂಗ್ ಲೈಸೆನ್ಸ್ ಮತ್ತು ಎಲ್‌ಟಿಸಿ ಎರಡನ್ನೂ ತೋರಿಸಬೇಕು. ತೋರಿಸದಿದ್ದರೆ ಇದ್ದ ಶಿಕ್ಷೆಯನ್ನು 2009ರಲ್ಲಿ ತೆಗೆದರು, ಆದರೆ ತೋರಿಸಬೇಕು ಅನ್ನುವ ನಿಯಮ ಹಾಗೇ ಇದೆ. ಅವನು ಕೇಳುವ ಮೊದಲೇ ಹೇಳಲೇಬೇಕು ಅಂತ ಇಲ್ಲಿ ಕಾನೂನಿಲ್ಲ.

ನಿಮ್ಮ ವಿಷಯದಲ್ಲಿ ಪರ್ಸ್ ಮತ್ತು ಪಿಸ್ತೂಲು ಒಂದೇ ಬದಿ. ಅವನು ಲೈಸೆನ್ಸ್ ಕೇಳಿದ, ನಿಮ್ಮ ಕೈ ಪಿಸ್ತೂಲಿನ ಕಡೆ ಹೋಯಿತು. ನಿಮ್ಮ ಮನೆಯವರ ಮಾತಿಗಿಂತ ಇದೇ ಜಾಸ್ತಿ ಅಪಾಯದ್ದು. ಹಾಗಾಗಿ ಕೈ ಅಲ್ಲಾಡಿಸುವ ಮೊದಲು ಬಾಯಿ ಬಿಡಬೇಕು. ಸ್ಟೀರಿಂಗ್ ಮೇಲೆ ಕೈ ಇಟ್ಟುಕೊಂಡೇ ನಿಧಾನವಾಗಿ ಹೀಗೆ ಹೇಳಿ: "ಆಫೀಸರ್, ಐ ಹ್ಯಾವ್ ಎ ಲೈಸೆನ್ಸ್ ಟು ಕ್ಯಾರಿ. ಮೈ ಫೈರಾರ್ಮ್ ಈಸ್ ಆನ್ ಮೈ ರೈಟ್ ಹಿಪ್. ಮೈ ವಾಲೆಟ್ ಈಸ್ ಆನ್ ದಿ ಸೇಮ್ ಸೈಡ್. ವಾಟ್ ವುಡ್ ಯೂ ಲೈಕ್ ಮಿ ಟು ಡೂ?" ಅಂದರೆ, ಲೈಸೆನ್ಸ್ ಇದೆ, ಆಯುಧ ಬಲ ಸೊಂಟದಲ್ಲಿದೆ, ಪರ್ಸೂ ಅದೇ ಬದಿ, ಈಗ ಏನು ಮಾಡಲಿ ಅಂತ. ಇದರಲ್ಲಿ 'ಗನ್' ಅನ್ನುವ ಪದವೇ ಇಲ್ಲ, ಗಮನಿಸಿ. 'ಲೈಸೆನ್ಸ್' ಮೊದಲು ಬಂತು. ಆಮೇಲೆ ಅವನು ಹೇಳಿದಷ್ಟೇ ಮಾಡಿ, ಅವನು ಹೇಳುವವರೆಗೆ ಕೈ ಎತ್ತಬೇಡಿ.

ಇಷ್ಟು ಒತ್ತಿ ಹೇಳುವುದಕ್ಕೆ ಕಾರಣ ಇದೆ. 2016ರ ಜುಲೈ 6ರಂದು ಮಿನೆಸೋಟದ ಫಾಲ್ಕನ್ ಹೈಟ್ಸ್‌ನಲ್ಲಿ ಫಿಲಾಂಡೊ ಕ್ಯಾಸ್ಟೀಲ್ ಎಂಬ 32 ವರ್ಷದ ಕಪ್ಪು ಯುವಕನನ್ನು ಪೊಲೀಸ್ ನಿಲ್ಲಿಸಿದರು. ಶಾಲೆಯ ಅಡುಗೆಮನೆಯಲ್ಲಿ ಕೆಲಸ ಮಾಡುತ್ತಿದ್ದವನು, ಲೈಸೆನ್ಸ್ ಇದ್ದವನು. ತನ್ನ ಹತ್ತಿರ ಆಯುಧ ಇದೆ ಅಂತ ಮರ್ಯಾದೆಯಿಂದಲೇ ಹೇಳಿದ. ಆದರೆ ಆಫೀಸರ್ ಅದಕ್ಕೂ ಮೊದಲೇ ಕಾಗದ ಕೇಳಿದ್ದ. ಕೈ ಎಲ್ಲಿ ಹೋಗುತ್ತಿದೆ ಅನ್ನುವ ಗೊಂದಲದಲ್ಲಿ ಆಫೀಸರ್ ಏಳು ಗುಂಡು ಹಾರಿಸಿದ, ಕ್ಯಾಸ್ಟೀಲ್ ಸತ್ತ. ಕಾರಿನಲ್ಲಿ ಅವನ ಗೆಳತಿ, ಅವಳ ನಾಲ್ಕು ವರ್ಷದ ಮಗಳು ಇದ್ದರು. ಮಾರನೇ ವರ್ಷ ಜ್ಯೂರಿ ಆ ಆಫೀಸರ್‌ನನ್ನು ಬಿಡುಗಡೆ ಮಾಡಿತು. ಕ್ಯಾಸ್ಟೀಲ್ ತಪ್ಪು ಮಾಡಿದ ಅಂತ ನಾನು ಹೇಳುತ್ತಿಲ್ಲ, ಖಂಡಿತ ಇಲ್ಲ. ಸರಿಯಾಗಿ ನಡೆದುಕೊಂಡವನಿಗೂ ಹೀಗಾಗಬಹುದು. ನಮ್ಮ ಕೈಲಿರುವುದು ಗೊಂದಲಕ್ಕೆ ಜಾಗ ಕಡಿಮೆ ಮಾಡುವುದು, ಅಷ್ಟೇ.

ಇವತ್ತೇ ಪರ್ಸ್ ಜಾಗ ಬದಲಾಯಿಸಿ. ಎಡ ಜೇಬು, ಇಲ್ಲವೇ ಕಾರು ಹತ್ತಿದ ಕೂಡಲೇ ಎರಡು ಕಾರ್ಡ್, ಇನ್ಶೂರೆನ್ಸ್ ಮೂರನ್ನೂ ಒಂದು ಸಣ್ಣ ಪೌಚ್‌ನಲ್ಲಿ ಹಾಕಿ ಕಣ್ಣಿಗೆ ಕಾಣುವ ಕಡೆ ಇಡಿ. ದೀಪ ಕಂಡ ಮೇಲೆ ಹುಡುಕಾಡಬೇಡಿ. ಹಿಂದಿನಿಂದ ನೋಡುವವನಿಗೆ ನೀವು ಬಗ್ಗಿ ಏನೋ ಬಚ್ಚಿಡುತ್ತಿರುವ ಹಾಗೆ ಕಾಣುತ್ತದೆ.

ಅದೇ ಸದಸ್ಯರು: ತುಂಬಾ ಥ್ಯಾಂಕ್ಸ್ ಸರ್. ಅವನು ಪಿಸ್ತೂಲು ಕೊಡು ಅಂದರೆ?

ವಕೀಲರ ಉತ್ತರ: ನೀವು ತೆಗೆದು ಕೊಡಬೇಡಿ. "ನೀವೇ ತಗೊಳ್ಳಿ, ನಾನು ಮುಟ್ಟಲ್ಲ" ಅನ್ನಿ. ಸುರಕ್ಷತೆಗೆ ಬೇಕು ಅಂತ ತಕ್ಕ ಕಾರಣದಿಂದ ಅನ್ನಿಸಿದರೆ ಅದನ್ನು ತಾತ್ಕಾಲಿಕವಾಗಿ ತೆಗೆದುಕೊಳ್ಳುವ ಅಧಿಕಾರ ಟೆಕ್ಸಾಸ್‌ನಲ್ಲಿ ಅವನಿಗಿದೆ. ನಿಮ್ಮಿಂದ ಅಪಾಯ ಇಲ್ಲ, ಅರೆಸ್ಟೂ ಮಾಡುತ್ತಿಲ್ಲ ಅಂದರೆ ಕಳಿಸುವ ಮೊದಲು ವಾಪಸ್ ಕೊಡಬೇಕು.

ನನಗೇ ಒಮ್ಮೆ ಹೀಗಾಗಿದೆ. ಸಣ್ಣ ಊರೊಂದರ ಹೊರಗೆ, ಬ್ರೇಕ್ ಲೈಟ್ ಕೆಟ್ಟಿದೆ ಅಂತ ನಿಲ್ಲಿಸಿದರು. ಪಿಸ್ತೂಲು ತಗೊಂಡು ಹೋದ ಆಫೀಸರ್ ಹತ್ತು ನಿಮಿಷ ಬಿಟ್ಟು ಬಂದ. ಖಾಲಿ ಪಿಸ್ತೂಲನ್ನು ಡಿಕ್ಕಿಯಲ್ಲಿಟ್ಟ. ಮ್ಯಾಗಜೀನ್ ಬೇರೆ, ಗುಂಡುಗಳು ಒಂದು ಪ್ಲಾಸ್ಟಿಕ್ ಕವರ್‌ನಲ್ಲಿ ಬೇರೆ, ನಮ್ಮ ಕಡೆ ಅಂಗಡಿಯಲ್ಲಿ ಕಡಲೆಬೀಜ ಕಟ್ಟಿಕೊಟ್ಟ ಹಾಗೆ. "ನಾನು ಹೋಗುವವರೆಗೆ ಡಿಕ್ಕಿ ತೆಗೆಯಬೇಡ" ಅಂದ. ಸಿಟ್ಟು ಬಂತು. ಆದರೂ "ಓಕೆ ಸರ್" ಅಂದೆ. ರಸ್ತೆ ಬದಿಯಲ್ಲಿ ವಾದ ಗೆದ್ದವರನ್ನು ನಾನು ನೋಡಿಲ್ಲ. ವಾದ ಏನಿದ್ದರೂ ಕೋರ್ಟಿನಲ್ಲಿ.

ಪ್ರಶ್ನೆ (ಹ್ಯೂಸ್ಟನ್‌ನಿಂದ): ಸರ್, ನಮ್ಮ ಯಜಮಾನರು ಸಿಟಿಜನ್. ಅವರ ಪಿಸ್ತೂಲು ಕಾರಿನ ಸೀಟುಗಳ ಮಧ್ಯದ ಬಾಕ್ಸ್‌ನಲ್ಲೇ ಇರುತ್ತದೆ. ನನ್ನ ತಮ್ಮ ಎಚ್‌-1ಬಿ ಕೆಲಸದ ವೀಸಾ ಮೇಲೆ ಬಂದಿದ್ದಾನೆ, ಶನಿವಾರ ಭಾನುವಾರ ಅದೇ ಕಾರು ತಗೊಂಡು ಹೋಗುತ್ತಾನೆ. ಅವನಿಗೆ ಗನ್ ಬಗ್ಗೆ ಆಸಕ್ತಿಯೇ ಇಲ್ಲ. ತೊಂದರೆ ಇಲ್ಲ ಅಲ್ವಾ?

ವಕೀಲರ ಉತ್ತರ: ತೊಂದರೆ ಇದೆ ಮೇಡಂ, ಮೇಲಿನವರ ತೊಂದರೆಗಿಂತ ದೊಡ್ಡದು. ದಯವಿಟ್ಟು ಎಲ್ಲರೂ ಇದನ್ನು ಎರಡು ಸಲ ಓದಿ.

ಇದು ರಾಜ್ಯದ ಕಾನೂನಲ್ಲ, ಇಡೀ ಅಮೆರಿಕಕ್ಕೆ ಅನ್ವಯಿಸುವ ಫೆಡರಲ್ ಕಾನೂನು. ವಲಸೆಯಲ್ಲದ ವೀಸಾದವರು, ಅಂದರೆ ಕಾಯಂ ನೆಲೆಸಲು ಅಲ್ಲದೆ ಕೆಲಸಕ್ಕೆ, ಓದಿಗೆ, ಕುಟುಂಬದ ಜೊತೆ, ಸುತ್ತಾಟಕ್ಕೆ ಬಂದವರು: ಎಚ್‌-1ಬಿ, ಎಚ್‌-4, ಎಲ್‌-1, ಎಫ್‌-1, ಸುತ್ತಾಡಲು ಬಂದ ಅಪ್ಪ ಅಮ್ಮನ ಬಿ-2, ಇವರು ಯಾರೂ ಗನ್ ಆಗಲಿ ಗುಂಡಾಗಲಿ ತಮ್ಮ ವಶದಲ್ಲಿ ಇಟ್ಟುಕೊಳ್ಳುವ ಹಾಗಿಲ್ಲ. ಬೇಟೆ ಲೈಸೆನ್ಸ್ ಇದ್ದವರಿಗೆ ಒಂದು ವಿನಾಯಿತಿ ಇದೆ. ಅದನ್ನು ನಂಬಿಕೊಂಡು ವಕೀಲರನ್ನು ಕೇಳದೆ ಹೆಜ್ಜೆ ಇಡಬೇಡಿ. ಶಿಕ್ಷೆ ಮೊದಲು 10 ವರ್ಷದವರೆಗೆ ಇತ್ತು, 2022ರಲ್ಲಿ 15 ವರ್ಷದವರೆಗೆ ಏರಿಸಿದರು. ಗ್ರೀನ್ ಕಾರ್ಡ್ ಕನಸು ಬಿಡಿ, ಗಡೀಪಾರಿಗೂ ಅದು ಕಾರಣ ಆಗಬಹುದು.

'ವಶ' ಅಂದರೆ ಕೈಲಿ ಹಿಡಿದಿರಬೇಕು ಅಂತಲ್ಲ. ಅಲ್ಲಿದೆ ಅಂತ ಗೊತ್ತು, ಕೈ ಚಾಚಿದರೆ ಸಿಗುತ್ತದೆ, ಕಾರು ಅವನ ಸುಪರ್ದಿಯಲ್ಲಿದೆ. ಇಷ್ಟು ಸಾಕು, ಕೇಸು ಹಾಕಬಹುದು. ಗೊತ್ತಿತ್ತು ಅಂತ ಸರ್ಕಾರವೇ ಸಾಬೀತು ಮಾಡಬೇಕು, ನಿಜ. ಆದರೆ ಅಷ್ಟರಲ್ಲಿ ನಿಮ್ಮ ತಮ್ಮನ ಕೆಲಸ, ವೀಸಾ, ವಕೀಲರ ಫೀಸು ಎಲ್ಲ ಬೀದಿಗೆ ಬಂದಿರುತ್ತದೆ. ಅವನು ಯಾವ ವೀಸಾದಲ್ಲಿದ್ದಾನೆ ಅಂತ ಗೊತ್ತಿದ್ದೂ ಗನ್ ಒಪ್ಪಿಸಿದರು ಅಂತಾದರೆ ನಿಮ್ಮ ಯಜಮಾನರ ಮೇಲೂ ಕೇಸು ಬರಬಹುದು.

ಕಾರಿನ ಕೀ ಕೊಡುವ ಮೊದಲು ಪಿಸ್ತೂಲು ಮನೆಯ ಸೇಫ್‌ಗೆ ಹೋಗಬೇಕು. ಸೇಫ್‌ನ ನಂಬರ್ ತಮ್ಮನಿಗೆ ಹೇಳಬೇಡಿ. ಡಿಕ್ಕಿಯಲ್ಲಿ ಉರುಳಾಡುವ ಗುಂಡಿನ ಡಬ್ಬಿಯೂ ಇರಬಾರದು. ಇನ್ನೊಂದು ಮಾತು: ಈಗಾಗಲೇ ಏನಾದರೂ ನಡೆದಿದ್ದರೆ ಇಲ್ಲಿ ಬರೆಯಬೇಡಿ. ಗುಂಪಿನಲ್ಲಿ ಬರೆದದ್ದು ನಾಳೆ ಕೋರ್ಟಿನಲ್ಲಿ ಕಾಗದವಾಗಿ ಬರುತ್ತದೆ.

ಪ್ರಶ್ನೆ (ಆಸ್ಟಿನ್‌ನಿಂದ): ಈಗ ಟೆಕ್ಸಾಸ್‌ನಲ್ಲಿ ಲೈಸೆನ್ಸೇ ಬೇಡ ಅಲ್ವಾ? ಸುಮ್ನೆ ಯಾಕೆ ದುಡ್ಡು ದಂಡ?

ವಕೀಲರ ಉತ್ತರ: 2021ರ ಸೆಪ್ಟೆಂಬರ್ 1ರಿಂದ 21 ದಾಟಿದ, ಕಾನೂನಿನ ಅಡ್ಡಿ ಇಲ್ಲದವರಿಗೆ ಬೇಡ, ಸರಿ. ಆದರೆ ಅರ್ಜಿ ಫೀಸು 40 ಡಾಲರ್ ಅಷ್ಟೇ. ನಾಲ್ಕರಿಂದ ಆರು ಗಂಟೆ ಪಾಠ, 50 ಗುಂಡಿನ ಪರೀಕ್ಷೆ. ಒಂದು ಲಾಭ ಹೇಳುತ್ತೇನೆ. ಫೆಡರಲ್ ಕಾನೂನಿನಲ್ಲಿ ಶಾಲೆಯಿಂದ 1,000 ಅಡಿ ಒಳಗೆ ಗನ್ ನಿಷಿದ್ಧ, ಅದರಲ್ಲಿ ರಸ್ತೆಯೂ ಸೇರಿದೆ. ಆ ರಾಜ್ಯದ ಲೈಸೆನ್ಸ್ ಇದ್ದವರಿಗೆ ವಿನಾಯಿತಿ ಇದೆ. ನಿಮ್ಮ ಮನೆಯಿಂದ ಆಫೀಸಿಗೆ ಹೋಗುವಾಗ ಎಷ್ಟು ಶಾಲೆ ದಾಟುತ್ತೀರಿ, ಎಣಿಸಿ ನೋಡಿ.

ಪ್ರಶ್ನೆ (ಕೇಟಿಯಿಂದ): ರಜೆಗೆ ಕಾರಲ್ಲಿ ನ್ಯೂ ಆರ್ಲಿಯನ್ಸ್‌ಗೆ ಹೊರಟಿದ್ದೇವೆ. ಎಲ್‌ಟಿಸಿ ಅಲ್ಲೂ ನಡೆಯುತ್ತದಾ?

ವಕೀಲರ ಉತ್ತರ: ಲೂಸಿಯಾನದಲ್ಲಿ ನಡೆಯುತ್ತದೆ. ಆದರೆ ಐ-10 ಹೆದ್ದಾರಿಯಲ್ಲಿ ಗಡಿಯ ಸಬೀನ್ ನದಿ ದಾಟಿದ ಕೂಡಲೇ ನಿಯಮ ಬದಲು. ಅಲ್ಲಿ ಪೊಲೀಸ್ ಬಂದಾಗ ನೀವಾಗಿಯೇ ಹೇಳಬೇಕು, ಕೇಳಲಿ ಅಂತ ಕಾಯುವ ಹಾಗಿಲ್ಲ. ಮಿಶಿಗನ್‌ನಲ್ಲೂ ಹಾಗೇ. ಒಹಾಯೊದಲ್ಲಿ ಮೊದಲು ಹಾಗಿತ್ತು, 2022ರಿಂದ ಕೇಳಿದರೆ ಹೇಳಿದರೆ ಸಾಕು. ನ್ಯೂಯಾರ್ಕ್, ನ್ಯೂಜೆರ್ಸಿ, ಕ್ಯಾಲಿಫೋರ್ನಿಯಾ ನಮ್ಮ ಟೆಕ್ಸಾಸ್ ಲೈಸೆನ್ಸನ್ನು ಒಪ್ಪುವುದೇ ಇಲ್ಲ. ಹೊರಡುವ ದಿನವೇ ಆಯಾ ರಾಜ್ಯದ ನಿಯಮ ನೋಡಿಕೊಳ್ಳಿ. ಹೋದ ವರ್ಷ ಸ್ನೇಹಿತರು ಹೇಳಿದ್ದನ್ನು ನಂಬಬೇಡಿ, ನಾನು ಇವತ್ತು ಹೇಳಿದ್ದನ್ನು ಮುಂದಿನ ವರ್ಷ ನಂಬಬೇಡಿ.

ಪ್ರಶ್ನೆ (ಐರ್ವಿಂಗ್‌ನಿಂದ): ಗನ್ ಇದೆ ಅಂದ ಮಾತ್ರಕ್ಕೆ ಕಾರೆಲ್ಲ ಹುಡುಕಬಹುದಾ?

ವಕೀಲರ ಉತ್ತರ: ಬರೀ ಲೈಸೆನ್ಸ್ ಇರುವ ಗನ್ ಇದೆ ಅಂತ ಡಿಕ್ಕಿ ತೆರೆಸುವ ಹಕ್ಕು ಬರುವುದಿಲ್ಲ. ಅಪಾಯ ಇದೆ ಅನ್ನಲು ತಕ್ಕ ಕಾರಣ ಇದ್ದರೆ ಕೂರುವ ಭಾಗದಲ್ಲಿ ಆಯುಧಕ್ಕಾಗಿ ನೋಡಬಹುದು, 1983ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. "ಇಳಿ" ಅಂದರೆ ಇಳಿಯಲೇಬೇಕು, ಅದು 1977ರ ತೀರ್ಪು. "ಹುಡುಕಬಹುದಾ?" ಅಂತ ಕೇಳಿದರೆ ಮಾತ್ರ ಅದು ನಿಜವಾದ ಪ್ರಶ್ನೆ, "ಬೇಡ ಸರ್" ಅನ್ನಬಹುದು. ಆದರೂ ಹುಡುಕಿದರೆ ಅಡ್ಡ ನಿಲ್ಲಬೇಡಿ. ನಮ್ಮವರಿಗೆ ಪೊಲೀಸರ ಮುಖಕ್ಕೆ 'ಬೇಡ' ಅನ್ನಲು ನಾಲಿಗೆ ಏಳುವುದಿಲ್ಲ, ನನಗೆ ಗೊತ್ತು. ಕನ್ನಡಿ ಮುಂದೆ ಅಭ್ಯಾಸ ಮಾಡಿ.

ಮೊದಲು ಕೇಳಿದ ಸದಸ್ಯರು: ಸರ್, ಪರ್ಸ್ ಎಡ ಜೇಬಿಗೆ ಬಂತು. ನಿನ್ನೆ ರಾತ್ರಿ ಗ್ಯಾರೇಜಿನಲ್ಲಿ ಪಿಸ್ತೂಲು ಇಲ್ಲದೆ ಒಂದು ರಿಹರ್ಸಲ್ ಮಾಡಿದೆವು. ಹೆಂಡತಿಯೇ ಪೊಲೀಸ್, ಟಾರ್ಚ್ ಹಿಡಿದು ಬಂದಳು. ಎರಡು ಸಲ ನನ್ನ ಕೈ ತಾನಾಗಿ ಬಲಕ್ಕೇ ಹೋಯಿತು.

ವಕೀಲರ ಉತ್ತರ: ಮೂರನೇ ಸಲ?

ಅದೇ ಸದಸ್ಯರು: ಸ್ಟೀರಿಂಗ್ ಮೇಲೇ ಇತ್ತು. ಆದರೂ ಸ್ಪೀಡ್‌ಗೆ ಟಿಕೆಟ್ ಬರೆದಳು.